ಮೂರೇ ಅಕ್ಷರದ ಬೈಗುಳ: ಸ್ಪ್ಯಾನಿಷ್ ಚಾಟಿನ ಎಚ್‌ಡಿಪಿ, ಸಿಟಿಎಂ, ಎಎಲ್‌ವಿ ಎಲ್ಲಿಂದ ಬಂದವು?

ಪ್ರಶ್ನೆ: ಬೆಂಗಳೂರಿನಲ್ಲಿ ಕೂತು ಸ್ಪ್ಯಾನಿಷ್ ಮಾತಾಡುವ ಗ್ರಾಹಕರ ಚಾಟ್ ನೋಡಿಕೊಳ್ಳುವ ಕೆಲಸ ನನ್ನದು. ಭಾಷೆ ಚೆನ್ನಾಗಿಯೇ ಬರುತ್ತದೆ, ಆದರೆ ಅವರು ಬಳಸುವ ಎರಡು-ಮೂರು ಅಕ್ಷರದ ಕಿರುರೂಪಗಳು ಯಾವ ಪಠ್ಯದಲ್ಲೂ ಇಲ್ಲ. ಈಚೆಗೆ ಬಂದ ಮೂರು ಸಾಲು: ‘ಗ್ರಾಸ್ಯಾಸ್ ಡಬ್ಲ್ಯುಎನ್’ (ಧನ್ಯವಾದ, ಆಮೇಲೆ ಡಬ್ಲ್ಯುಎನ್), ‘ನೊ ಸಿರ್ವೆ ಎಎಲ್‌ವಿ’ (ಕೆಲಸ ಮಾಡ್ತಿಲ್ಲ, ಎಎಲ್‌ವಿ), ‘ಸಿಟಿಎಂ ಓತ್ರಾ ಬೆಸ್’ (ಸಿಟಿಎಂ, ಮತ್ತೊಮ್ಮೆ). ಇವೆಲ್ಲ ಇಂಗ್ಲಿಷಿನ ಡಬ್ಲ್ಯುಟಿಎಫ್ ನೋಡಿ ಮೊಬೈಲ್ ಕಾಲದಲ್ಲಿ ಹುಟ್ಟಿದವೇ? ಎಲ್ಲವೂ ಬೈಗುಳವೇ? ಯಾವುದನ್ನು ‘ನಿಂದನೆ’ ಎಂದು ಗುರುತು ಹಾಕಬೇಕು?

ಉತ್ತರ:

ಇಂಗ್ಲಿಷ್ ನೋಡಿ ಹುಟ್ಟಿದವಲ್ಲ. ಮೊಬೈಲ್ ಅವುಗಳಿಗೆ ಮೂರಕ್ಷರದ ಬಟ್ಟೆ ತೊಡಿಸಿತು, ಅಷ್ಟೆ. ಸ್ಪ್ಯಾನಿಷ್ ಬಾಯಿ ಈ ಬೈಗುಳಗಳನ್ನು ಕುಗ್ಗಿಸುತ್ತ ಬಂದು ಶತಮಾನಗಳೇ ಆಗಿವೆ. ನಿಮಗೆ ಮುಖ್ಯವಾಗಿ ಬೇಕಾದ ಸಂಗತಿ ಇದು: ಆ ಅಕ್ಷರಗಳು ಬರಿಯ ಮೊದಲಕ್ಷರಗಳಲ್ಲ, ಆ ಊರಿನ ಉಚ್ಚಾರಣೆಯ ಅಚ್ಚು. ಹಾಗಾಗಿ ಯಾವ ದೇಶದವರು ಬರೆದರು ಎಂದು ತಿಳಿಯದೆ ಒಂದನ್ನೂ ಸರಿಯಾಗಿ ಓದಲಾಗದು.

ಓದುವ ಅನುಕೂಲಕ್ಕೆ ಅಕ್ಷರಗಳಿಗೆ ನಮಗೆ ರೂಢಿಯಾದ ಹೆಸರನ್ನೇ ಬಳಸುತ್ತೇನೆ. ಸ್ಪ್ಯಾನಿಷ್‌ನವರು ಎಚ್-ಡಿ-ಪಿಯನ್ನು ಆಚೆ-ದೆ-ಪೆ ಎನ್ನುತ್ತಾರೆ. ಅರ್ಥಗಳನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದೇನೆ, ಇಲ್ಲದಿದ್ದರೆ ನಿಮ್ಮ ಕೆಲಸಕ್ಕೆ ಇದರಿಂದ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಹಳೆಯದು ಎಚ್‌ಡಿಪಿ. ಬಿಡಿಸಿದರೆ ‘ಇಹೊ ದೆ ಪುತಾ’, ಅಂದರೆ ಸೂಳೆಯ ಮಗ. ನಮ್ಮಲ್ಲೂ ಅಚ್ಚಿನಲ್ಲಿ ‘ಸೂ...ಮಗ’ ಎಂದು ಚುಕ್ಕೆ ಹಾಕುತ್ತಾರಲ್ಲ, ಅದೇ ಜಾತಿಯದು. ‘ಇಹೊ’ ಎಂದರೆ ಮಗ, ಲ್ಯಾಟಿನ್ನಿನ ‘ಫಿಲಿಯುಸ್’ ಇದರ ಮೂಲ. ಸ್ಪ್ಯಾನಿಷ್ ಹುಟ್ಟಿದ ಸೀಮೆಯಾದ ಹಳೆಯ ಕಾಸ್ಟೈಲಿನಲ್ಲಿ ಅದು ಫ ಕಾರದಿಂದ ಶುರುವಾಗುವ ಪದವಾಗಿತ್ತು. ಕಾಲಕ್ರಮದಲ್ಲಿ ಫ ಹೋಗಿ ಹ ಆಯಿತು, ಆ ಹ ಕೂಡ ಬಾಯಿಂದ ಮಾಯವಾಗಿ ಬರಹದಲ್ಲಿ ಮಾತ್ರ ಉಳಿಯಿತು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳಗನ್ನಡದ ಪಾಲ್ ನಮ್ಮಲ್ಲಿ ಹಾಲಾಯಿತು, ಎಷ್ಟೋ ಊರುಗಳ ಮಾತಿನಲ್ಲಿ ಆಲೇ ಆಯಿತು. ‘ಪುತಾ’ ಪದದ ಬೇರನ್ನು ಹೆಚ್ಚಿನ ವಿದ್ವಾಂಸರು ‘ಹುಡುಗ, ಹುಡುಗಿ’ ಎಂಬ ಅರ್ಥದ ಆಡುನುಡಿಯ ಲ್ಯಾಟಿನ್ ಪದವೊಂದರಲ್ಲಿ ಕಾಣುತ್ತಾರೆ. ಅದಕ್ಕೂ ಸಂಸ್ಕೃತದ ‘ಪುತ್ರ’ಕ್ಕೂ ನಂಟು ಹೇಳುವವರಿದ್ದಾರೆ. ಹುಡುಗಿ ಎಂಬ ಸಾದಾ ಪದ ಹೀನಾರ್ಥಕ್ಕೆ ಇಳಿಯುವುದು ಬಹಳ ಭಾಷೆಗಳಲ್ಲಿ ಕಾಣುವ ಕಥೆ.

ಈಗ ಕುಗ್ಗುವಿಕೆ ನೋಡಿ. ‘ಇಹೊ ದೆ’ ಎಂಬುದನ್ನು ವೇಗವಾಗಿ ಅಂದರೆ ‘ಇದೆ’ ಆಗುತ್ತದೆ. ಹಾಗೆ ಹುಟ್ಟಿದ್ದು ‘ಇದೆಪುತಾ’, ಅದಕ್ಕೂ ಮುಂಚಿನ ರೂಪ ‘ಫಿದೆಪುತಾ’. ಇದೇ ಅಚ್ಚಿನಲ್ಲಿ ಎರಕವಾದ ಇನ್ನೊಂದು ಪದ ‘ಇದಾಲ್ಗೊ’. ಕುಲೀನ, ಜಮೀನುದಾರ ಎಂಬ ಅರ್ಥದ ಈ ಗೌರವದ ಪದದ ಮೂಲ ‘ಏನಾದರೊಂದರ ಮಗ’, ಅಂದರೆ ಆಸ್ತಿಪಾಸ್ತಿ ಇರುವವನ ಮಗ. ಬಿರುದೂ ಬೈಗುಳವೂ ಒಂದೇ ರೀತಿ ಕುಗ್ಗಿದವು. ‘ತಾವು’ ಎಂಬ ಅರ್ಥದ ‘ಉಸ್ತೆದ್’ ಕೂಡ ‘ಬ್ವೆಸ್ತ್ರಾ ಮೆರ್ಸೆದ್’ (ತಮ್ಮ ಕೃಪೆ) ಎಂಬ ಉದ್ದನೆಯ ಸಂಬೋಧನೆ ಸವೆದು ಉಳಿದ ತುಣುಕು, ಇಂದಿಗೂ ಪತ್ರಗಳಲ್ಲಿ ಅದನ್ನು ಎರಡಕ್ಷರಕ್ಕೆ ಇಳಿಸಿ ಬರೆಯುತ್ತಾರೆ. ಬಾಯಿ ಹೆಚ್ಚು ಆಡುವುದನ್ನೇ ಸವೆಸುತ್ತದೆ, ಅದು ಪೂಜೆಯೋ ಶಾಪವೋ ಎಂದು ನೋಡುವುದಿಲ್ಲ.

ಈ ಮಾತಿನ ತೂಕ ಎಷ್ಟಿತ್ತು ಎಂಬುದಕ್ಕೆ ಕಾನೂನಿನ ಸಾಕ್ಷಿಯಿದೆ. 1255ರಲ್ಲಿ ಕಾಸ್ಟೈಲಿನ ದೊರೆ ಹತ್ತನೇ ಅಲ್ಫೋನ್ಸೊ ಕಾಲದಲ್ಲಿ ಬಂದ ‘ಫ್ವೆರೊ ರೆಯಾಲ್’ ಎಂಬ ಕಾಯ್ದೆ ಆಡಬಾರದ ಪದಗಳನ್ನು ಹೆಸರಿಸಿಯೇ ಪಟ್ಟಿ ಮಾಡುತ್ತದೆ: ಕುಷ್ಠರೋಗಿ, ದ್ರೋಹಿ, ಧರ್ಮಭ್ರಷ್ಟ, ಹೆಂಡತಿಯಿಂದ ಮೋಸಹೋದವನು, ಹಾಗೆಯೇ ಗಂಡನಿರುವ ಹೆಂಗಸಿಗೆ ‘ಪುತಾ’ ಎನ್ನುವುದು. ಹಾಗೆಂದವನು ನ್ಯಾಯಾಧಿಕಾರಿಯ ಮುಂದೆ ನಿಂತು ತನ್ನ ಮಾತನ್ನು ಹಿಂದೆಗೆದುಕೊಳ್ಳಬೇಕಿತ್ತು.

ಆದರೆ ಅದೇ ಪದ ಮೆಚ್ಚುಗೆಯೂ ಆಗುತ್ತದೆ. ಇದಕ್ಕೆ ಸೆರ್ವಾಂತೆಸ್‌ನ ‘ದೋನ್ ಕಿಹೋತೆ’ ಕಾದಂಬರಿಗಿಂತ ಒಳ್ಳೆಯ ಪಾಠ ಇಲ್ಲ. 1615ರಲ್ಲಿ ಬಂದ ಎರಡನೇ ಭಾಗದ 13ನೇ ಅಧ್ಯಾಯದಲ್ಲಿ ಕಥಾನಾಯಕನ ಪರಿಚಾರಕ ಸಾಂಚೊ ಪಾಂಸಾ ಇನ್ನೊಬ್ಬ ವೀರನ ಪರಿಚಾರಕನ ಜೊತೆ ಕೂತು ಹರಟುತ್ತಾನೆ. ಸಾಂಚೊನ ಮಗಳ ಮೈಕಟ್ಟಿನ ವರ್ಣನೆ ಕೇಳಿ ಆತ ‘ಇದೆಪುತಾ!’ ಎಂದು ಉದ್ಗರಿಸುತ್ತಾನೆ. ಸಾಂಚೊಗೆ ಸಿಟ್ಟು ಬರುತ್ತದೆ, ನನ್ನ ಮಗಳೂ ಅಂಥವಳಲ್ಲ, ಅವಳ ತಾಯಿಯೂ ಅಲ್ಲ ಎನ್ನುತ್ತಾನೆ. ಆಗ ಆತ ತಿಳಿಹೇಳುತ್ತಾನೆ: ಗೂಳಿಕಾಳಗದಲ್ಲಿ ಯಾರಾದರೂ ಒಳ್ಳೆಯ ಪೆಟ್ಟು ಕೊಟ್ಟರೆ ಜನ ಇದೇ ಮಾತು ಕೂಗುತ್ತಾರಲ್ಲ, ಅದು ಹೊಗಳಿಕೆ. ಸ್ವಲ್ಪ ಹೊತ್ತಿಗೆ ಆತ ಕೊಟ್ಟ ದ್ರಾಕ್ಷಾರಸ ಕುಡಿದ ಸಾಂಚೊ ತಾನೇ ಆ ಪದ ಹಾಕಿ ಅದನ್ನು ಹೊಗಳಿ ಸಿಕ್ಕಿಬೀಳುತ್ತಾನೆ. ಇಂದು ನಿಮ್ಮ ಚಾಟಿನಲ್ಲಿ ಎದುರಾಗುವ ತೊಡಕೂ ಇದೇ, ನಾನೂರು ವರ್ಷಗಳ ಹಿಂದೆಯೇ ಅಚ್ಚಾದದ್ದು.

ಪದ ಅಟ್ಲಾಂಟಿಕ್ ದಾಟಿದ ಮೇಲೆ ಇನ್ನಷ್ಟು ಮಡಿಕೆಗಳಾದವು. ಕೊಲಂಬಿಯಾ, ಮಧ್ಯ ಅಮೆರಿಕದ ಕಡೆ ‘ಇಹ್ವೆಪುತಾ’, ಮುಂದಿನ ಇ ಬಿದ್ದರೆ ‘ಹ್ವೆಪುತಾ’. ಅಲ್ಲಿನವರು ಬರೆಯುವ ಕಿರುರೂಪ ಎರಡೇ ಅಕ್ಷರ, ಎಚ್‌ಪಿ. ನಡುವಿನ ಡಿ ಯಾಕಿಲ್ಲ? ಬಾಯಲ್ಲೇ ಇಲ್ಲ, ಅದಕ್ಕೆ. ಕೊಲಂಬಿಯಾದ ಗ್ರಾಹಕ ‘ಫ್ರೀಓ ಎಚ್‌ಪಿ’ ಎಂದರೆ ಚಳಿಗೆ ಬೈದದ್ದಲ್ಲ, ‘ವಿಪರೀತ ಚಳಿ’ ಎಂದಷ್ಟೇ. ಪ್ರಿಂಟರ್ ಕಂಪನಿಯ ಹೆಸರೆಂದು ಯಂತ್ರಾನುವಾದ ಅದನ್ನು ಹಾಗೇ ಬಿಡುತ್ತದೆ, ಓದುವವನಿಗೆ ತಲೆಬುಡ ತಿಳಿಯುವುದಿಲ್ಲ.

ಎಲ್ಲರೂ ಎಡವುವುದು ಸಿಟಿಎಂನಲ್ಲಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟಿ-ಎಂ ಎಂದರೆ ‘ತು ಮಾದ್ರೆ’, ನಿನ್ನ ತಾಯಿ. ಇದು ಎಲ್ಲ ಕಡೆ ಒಂದೇ. ಗಲಿಬಿಲಿ ಇರುವುದು ಸಿ ಅಕ್ಷರದಲ್ಲಿ.

ಮೆಕ್ಸಿಕೊದಲ್ಲಿ ಸಿ ಎಂದರೆ ‘ಚಿಂಗಾ’. ಅದು ಕ್ರಿಯಾಪದ, ಅದೂ ಆಜ್ಞಾರೂಪ. ನಿನ್ನ ತಾಯಿಯನ್ನು ಹೋಗಿ ಹೀಗೆ ಮಾಡು ಎಂದು ಎದುರಿನವನಿಗೆ ನೇರ ಹೇಳುವ ಮಾತು. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ‘ಚಿಂಗಾರ್’ ಪದದ ಮೂಲವನ್ನು ‘ಜಗಳವಾಡು’ ಎಂಬ ಅರ್ಥದ ಕಾಲೊ ಪದಕ್ಕೆ ಒಯ್ಯುತ್ತದೆ. ಕಾಲೊ ಅಂದರೆ ಸ್ಪೇನಿನ ರೋಮಾ (ಜಿಪ್ಸಿ) ಜನರ ನುಡಿ. ರೋಮಾನಿ ಭಾಷೆಯ ಬೇರು ಉತ್ತರ ಭಾರತದಲ್ಲಿದೆ ಎಂಬುದು ನಮಗೆ ಗೊತ್ತಿರಬೇಕಾದ ಸಂಗತಿ. ಹುಡುಗ ಎಂಬರ್ಥದ ‘ಚಾಬಾಲ್’ ಕೂಡ ಅದೇ ದಾರಿಯಲ್ಲಿ ಸ್ಪ್ಯಾನಿಷ್‌ಗೆ ಬಂದದ್ದು. ಮೆಕ್ಸಿಕೊದಲ್ಲಿ 1936ರಲ್ಲಿ ಸ್ಥಾಪನೆಯಾದ ಕಾರ್ಮಿಕ ಸಂಘಟನೆಗಳ ದೊಡ್ಡ ಒಕ್ಕೂಟದ ಅಧಿಕೃತ ಹೆಸರಿನ ಕಿರುರೂಪವೂ ಸಿಟಿಎಂ. ಆದ್ದರಿಂದ ಮೆಕ್ಸಿಕೊದ ಪಠ್ಯದಲ್ಲಿ ದೊಡ್ಡಕ್ಷರದಲ್ಲಿ ಸಿಟಿಎಂ ಕಂಡ ತಕ್ಷಣ ಕೆಂಪು ಗುರುತು ಹಾಕುವ ಸೋಸುಯಂತ್ರ, ಸಂಬಳ-ಮುಷ್ಕರದ ಸುದ್ದಿಯನ್ನೂ ನಿಂದನೆ ಎಂದು ತಡೆಯುತ್ತದೆ.

ಚಿಲಿಯಲ್ಲಿ ಸಿ ಎಂದರೆ ‘ಕೊಂಚಾ’. ಅಕ್ಷರಶಃ ಚಿಪ್ಪು, ಹೀನಾರ್ಥದಲ್ಲಿ ಹೆಣ್ಣಿನ ಗುಪ್ತಾಂಗ. ಪೂರ್ತಿ ರೂಪ ‘ಕೊಂಚಾ ದೆ ತು ಮಾದ್ರೆ’. ಹಾಗಿದ್ದರೆ ಸಿ-ಡಿ-ಟಿ-ಎಂ ಆಗಬೇಕಿತ್ತಲ್ಲ? ಆಗಲಿಲ್ಲ, ಯಾಕೆಂದರೆ ಚಿಲಿಯವರ ಬಾಯಲ್ಲಿ ಎರಡು ಸ್ವರಗಳ ನಡುವಿನ ದ ನಿಲ್ಲುವುದಿಲ್ಲ. ಕೊಂಚಾ ದೆ ತು, ಕೊಂಚಾ ಎ ತು, ಕೊಂಚೆ ತು; ಹೀಗೆ ಇಡೀ ವಾಕ್ಯ ‘ಕೊಂಚೆತುಮಾರೆ’ ಎಂಬ ಒಂದೇ ಪದವಾಗುತ್ತದೆ. ಪಕ್ಕದ ಪೆರುವಿನಲ್ಲಿ ‘ತು’ ಬದಲು ‘ಸು’, ಆದ್ದರಿಂದ ಅಲ್ಲಿ ಸಿಎಸ್‌ಎಂ. ಅರ್ಜೆಂಟೀನಾದವರು ಮಾತ್ರ ಒಂದನ್ನೂ ಬಿಡದೆ ಮೊದಲಿನ ‘ಲಾ’ ಸೇರಿಸಿ ಎಲ್‌ಸಿಡಿಟಿಎಂ ಎಂದೇ ಬರೆಯುತ್ತಾರೆ.

ವೆನೆಸುವೆಲಾದಲ್ಲಿ ಸಿ ಎಂದರೆ ‘ಕೋನ್ಯೊ’, ಲ್ಯಾಟಿನ್ನಿನ ‘ಕುನ್ನುಸ್’ನಿಂದ ಬಂದ, ಅದೇ ಅಂಗದ ಇನ್ನೊಂದು ಹೆಸರು. ಅಲ್ಲಿ ಕಿರುರೂಪ ಸಿಡಿಟಿಎಂ. ಸ್ಪೇನಿನಲ್ಲಿ ಇದೇ ‘ಕೋನ್ಯೊ’ ಬೆಳಗಿನಿಂದ ರಾತ್ರಿವರೆಗೆ ಮಾತಿನ ನಡುವೆ ಬರುವ ‘ಅರೆ!’ ಎಂಬಷ್ಟು ಹಗುರದ ಉದ್ಗಾರ.

ಕೊಂಚಾ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ಗ್ರೀಕಿನ ‘ಕೊಂಖೆ’ಯಿಂದ ಲ್ಯಾಟಿನ್ನಿಗೆ ಬಂದ ಪದ, ಅದಕ್ಕೂ ನಮ್ಮ ‘ಶಂಖ’ಕ್ಕೂ ಬೇರು ಒಂದೇ. ನಾವು ದೇವರ ಮನೆಯಲ್ಲಿಟ್ಟು ಊದುವ ಹೆಸರು ಅಲ್ಲಿ ಬೀದಿ ಬೈಗುಳವಾಯಿತು. ಅಲ್ಲೂ ಎಲ್ಲ ಕಡೆ ಆಗಲಿಲ್ಲ ಎಂಬುದನ್ನು ನೆನಪಿಡಿ. ಸ್ಪೇನಿನಲ್ಲಿ ಕೊಂಚಾ ಎಂಬುದು ಕೊನ್ಸೆಪ್ಸ್ಯೋನ್ ಎಂಬ ಹೆಸರಿನ ಹೆಂಗಸರನ್ನು ಮನೆಯಲ್ಲಿ ಕರೆಯುವ ಮುದ್ದಿನ ಹೆಸರು. ಮೆಕ್ಸಿಕೊದಲ್ಲಿ ಚಿಪ್ಪಿನ ಗೆರೆಗಳಿರುವ ಸಿಹಿ ಬನ್ನು. ಗ್ರಾಹಕಿಯ ಹೆಸರು ಕೊಂಚಾ ಎಂದಿದ್ದರೆ ಅವರ ಖಾತೆಯನ್ನು ತಡೆಹಿಡಿಯುವ ಮೂರ್ಖತನ ಯಾವ ಯಂತ್ರವೂ ಮಾಡಬಾರದು, ಆದರೆ ಪದಪಟ್ಟಿ ನಂಬಿದ ಯಂತ್ರ ಮಾಡುತ್ತದೆ.

ಇನ್ನು ನಿಮ್ಮ ಡಬ್ಲ್ಯುಎನ್. ಇದರ ಹಿಂದೆ ಮೊಟ್ಟೆ ಇದೆ. ‘ವೆವೊ’ ಎಂದರೆ ಮೊಟ್ಟೆ, ಆಡುಮಾತಿನಲ್ಲಿ ವೃಷಣ. ‘ವೆವೋನ್’ ಎಂದರೆ ದೊಡ್ಡ ಮೊಟ್ಟೆಯವನು, ಅದರ ಭಾರಕ್ಕೆ ಅಲ್ಲಾಡದೆ ಕೂತವನು, ಅಂದರೆ ಸೋಮಾರಿ, ದಡ್ಡ. ಬರೆಯುವಾಗ ಮುಂದೆ ಮೌನವಾದ ಎಚ್ ಇರುತ್ತದೆ, ಹಿಂದೆಯೇ ಬರುವ ಸ್ವರಗಳು ಸೇರಿ ‘ವೆ’ ಧ್ವನಿ ಕೊಡುತ್ತವೆ. ಚಿಲಿಯಲ್ಲಿ ನಡುವಿನ ವ ಬಿದ್ದು ‘ವೆಓನ್’ ಆಯಿತು, ಬರಹಗಾರರು ಎಚ್-ಯು ಬಿಟ್ಟು ನೇರ ಡಬ್ಲ್ಯು ಹಾಕಿದರು, ಕೊನೆಗೆ ಸ್ವರಗಳೂ ಉದುರಿ ಡಬ್ಲ್ಯುಎನ್ ಉಳಿಯಿತು. ‘ವೆವಾದಾ’ ಎಂಬ ಸೋದರಪದ ದ ಕಳೆದುಕೊಂಡು ‘ವೆಆ’ ಆಗಿ, ಚಿಲಿಯಲ್ಲಿ ‘ಅದು, ಇದು, ವಸ್ತು’ ಎಂಬ ಎಲ್ಲಕ್ಕೂ ಬಳಕೆಯಾಗುತ್ತದೆ.

ಮೆಕ್ಸಿಕೊದ ‘ವೇ’ ನೋಡಿ ಇದೂ ಅದೇ ಇರಬೇಕು ಎಂದುಕೊಳ್ಳುವವರು ಬಹಳ. ಅಲ್ಲ. ಅದರ ಹಿಂದೆ ಇರುವುದು ಎತ್ತು. ‘ಬ್ವೇ’ ಎಂದರೆ ಬೀಜ ಒಡೆದ ಎತ್ತು, ಅದು ‘ಗ್ವೇ’ ಆಗಿ ಡಬ್ಲ್ಯುವಿನಿಂದ ಬರೆಯುವ ‘ವೇ’ ಆಯಿತು. ಒಂದು ಮೊಟ್ಟೆಯಿಂದ, ಇನ್ನೊಂದು ಎತ್ತಿನಿಂದ ಹೊರಟು ಎರಡೂ ಡಬ್ಲ್ಯುವಿನ ಬಾಗಿಲಿಗೇ ಬಂದು ನಿಂತವು. ಇಬ್ಬರು ಗೆಳೆಯರ ನಡುವೆ ಎರಡೂ ‘ಕಣೋ, ಮಚ್ಚಾ, ಗುರು’ ಎಂಬಷ್ಟೇ ತೂಕದವು.

ಚಿಲಿಯದೇ ಇನ್ನೊಂದು, ಕ್ಯೂಎಲ್. ಇದರ ಒಳಗೊಂದು ಚಂದದ ಯುಕ್ತಿಯಿದೆ. ಸ್ಪ್ಯಾನಿಷ್‌ನಲ್ಲಿ ಕ್ಯೂ ಅಕ್ಷರದ ಹೆಸರೇ ‘ಕು’. ‘ಕುಲ್ಯಾದೊ’ ಎಂಬ ಬೈಗುಳ, ಅಂದರೆ ಹಿಂಬದಿಯಿಂದ ಭೋಗಿಸಲ್ಪಟ್ಟವನು, ಅಭ್ಯಾಸದಂತೆ ದ ಕಳೆದುಕೊಂಡು ‘ಕುಲ್ಯಾಓ’ ಆಯಿತು. ಅದರ ಮೊದಲ ‘ಕು’ ಉಚ್ಚಾರಕ್ಕೆ ಅಕ್ಷರದ ಹೆಸರನ್ನೇ ಹಾಕಿ ಕ್ಯೂಎಲ್ ಎಂದು ಬರೆದರು. ‘ಪೊರ್’ ಎಂಬ ಸಾದಾ ಪದಕ್ಕೆ ಎಕ್ಸ್ ಹಾಕುವುದೂ ಇಂಥದ್ದೇ, ಗುಣಾಕಾರದ ಚಿಹ್ನೆಯನ್ನು ಅವರು ‘ಪೊರ್’ ಎಂದು ಓದುತ್ತಾರೆ.

ಇಲ್ಲಿ ಫೋನಿನ ಪಾಲು ಎಷ್ಟು ಎಂಬ ನಿಮ್ಮ ಅನುಮಾನಕ್ಕೆ ನಿಖರವಾದ ಉತ್ತರವಿದೆ. ಹಳೆಯ ಎಸ್ಸೆಮ್ಮೆಸ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ. ಆ ಮೂಲ ಅಕ್ಷರಪಟ್ಟಿಯಲ್ಲಿ ಅಲೆಗೆರೆಯ ಎನ್ ಇತ್ತು, ಗೆರೆ ಹೊತ್ತ ಇ ಇತ್ತು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ಸ್ಪ್ಯಾನಿಷ್‌ಗೆ ಬೇಕಾದ, ಗೆರೆ ಹೊತ್ತ ಎ, ಐ, ಓ, ಯು ಇರಲಿಲ್ಲ. ಅವುಗಳಲ್ಲಿ ಒಂದನ್ನು ಒಮ್ಮೆ ಒತ್ತಿದರೂ ಸಾಕು, ಇಡೀ ಸಂದೇಶ ಬೇರೆ ಸಂಕೇತಕ್ಕೆ ಬದಲಾಗಿ ಮಿತಿ 70 ಅಕ್ಷರಕ್ಕೆ ಇಳಿಯುತ್ತಿತ್ತು. ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದವರಿಗೂ ಇದೇ 70ರ ಮಿತಿ. ‘ವೆವೋನ್’ ಬರೆಯಲು ಗೆರೆ ಹೊತ್ತ ಓ ಬೇಕೇ ಬೇಕು. ನೂರು ಅಕ್ಷರದ ಸಂದೇಶದಲ್ಲಿ ಗೆಳೆಯನನ್ನು ಪೂರ್ತಿ ಕಾಗುಣಿತದಲ್ಲಿ ಕರೆದರೆ ಎರಡು ಸಂದೇಶದ ದುಡ್ಡು, ಡಬ್ಲ್ಯುಎನ್ ಎಂದರೆ ಒಂದರದ್ದು. ಸ್ವರ ಉದುರಿಸುವ ಚಟಕ್ಕೆ ಇದರಿಂದ ಬಲ ಬಂತು. ಆದರೂ ಕ್ರಮ ಹೊಸದಲ್ಲ. ‘ಕೆ’ ಎಂಬ ಪದಕ್ಕೆ ಒಂಟಿ ಕ್ಯೂ ಬರೆಯುವುದನ್ನು ಮಧ್ಯಯುಗದ ಲಿಪಿಕಾರರೇ ಚರ್ಮದ ಹಾಳೆ ಉಳಿಸಲು ಮಾಡುತ್ತಿದ್ದರು.

ಅರ್ಜೆಂಟೀನಾದ ರೂಢಿ ಪೂರ್ತಿ ತದ್ವಿರುದ್ಧ. ಅಲ್ಲಿನ ಬೈಗುಳಗಳೇ ಪೂರ್ಣ ವಾಕ್ಯಗಳು, ಅವುಗಳ ಒಂದು ಪದಕ್ಕೂ ಅನ್ಯಾಯವಾಗದಂತೆ ಪ್ರತಿಯೊಂದಕ್ಕೂ ಒಂದಕ್ಷರ. ಎಲ್‌ಪಿಎಂ ಎಂದರೆ ‘ಲಾ ಪುತಾ ಮಾದ್ರೆ’, ಕೈಯಿಂದ ಲೋಟ ಜಾರಿದಾಗ ಬರುವ ಉದ್ಗಾರ. ಎಲ್‌ಪಿಕ್ಯೂಟಿಪಿ ಎಂದರೆ ‘ಲಾ ಪುತಾ ಕೆ ತೆ ಪಾರ್ಯೊ’, ನಿನ್ನನ್ನು ಹೆತ್ತ ಸೂಳೆ. ಇದು ವ್ಯಕ್ತಿಗೆ ತಗಲುವ ಮಾತು. 2018ರ ಆರಂಭದಲ್ಲಿ ಅಲ್ಲಿನ ಫುಟ್‌ಬಾಲ್ ಮೈದಾನಗಳಲ್ಲಿ ಪ್ರೇಕ್ಷಕರು ಆಗಿನ ಅಧ್ಯಕ್ಷ ಮೌರಿಸ್ಯೊ ಮಾಕ್ರಿ ಹೆಸರು ಸೇರಿಸಿ ಇದನ್ನು ಹಾಡಿಯೇ ಬಿಟ್ಟರು. ಸಾನ್ ಲೊರೆನ್ಸೊ ಕ್ಲಬ್ಬಿನ ಅಭಿಮಾನಿಗಳಿಂದ ಶುರುವಾಗಿ ಉಳಿದ ಮೈದಾನಗಳಿಗೆ ಹಬ್ಬಿದ ಆ ಘೋಷಣೆಗೆ ಬರಹದಲ್ಲಿ ಎರಡು ಎಂ ಮುಂದೆ ಹಚ್ಚಿದ ಏಳಕ್ಷರದ ರೂಪ ಬಂತು, ಬಿಡಿಸಿ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಮೆಕ್ಸಿಕೊದ ಎಎಲ್‌ವಿ ಎಂದರೆ ‘ಆ ಲಾ ಬೆರ್ಗಾ’. ಸ್ಪ್ಯಾನಿಷ್‌ನಲ್ಲಿ ವಿ ಮತ್ತು ಬಿ ಎರಡಕ್ಕೂ ಒಂದೇ ಧ್ವನಿ, ಹಾಗಾಗಿ ಬಿ ಹಾಕಿ ಬರೆದದ್ದೂ ಕಂಡೀತು. ‘ಬೆರ್ಗಾ’ದ ಮೂಲ ಲ್ಯಾಟಿನ್ನಿನ ‘ವಿರ್ಗಾ’, ಅಂದರೆ ಕೋಲು. ಹಡಗಿನಲ್ಲಿ ಹಾಯಿ ಕಟ್ಟುವ ಅಡ್ಡದಿಮ್ಮಿಗೂ ಅದೇ ಹೆಸರು, ಆಡುಮಾತಿನಲ್ಲಿ ಶಿಶ್ನ. ‘ಅಲ್ಲಿಗೆ ಹಾಳಾಗಿ ಹೋಗು’ ಎಂಬುದು ಮೂಲ. ಆದರೆ ಈಗ ಅದು ವಾಕ್ಯದ ಕೊನೆಗೆ ಅಂಟುವ ಒತ್ತುಪದ. ಸಿನಿಮಾ ಚೆನ್ನಾಗಿದೆ ಎಎಲ್‌ವಿ, ಮಳೆ ಬಂತು ಎಎಲ್‌ವಿ, ಹೀಗೆ. ನೇರವಾಗಿ ಒಬ್ಬರಿಗೆ ‘ಬೇತೆ’ (ಹೋಗು) ಸೇರಿಸಿ ಹೇಳಿದಾಗ ಮಾತ್ರ ಅದು ನಿಂದನೆ. ಎನ್‌ಎಂಎಂಎಸ್ ಎಂದರೆ ‘ನೊ ಮಾಮೆಸ್’, ಚೀಪಬೇಡ ಎಂದು ಪದಶಃ ಅರ್ಥ, ಭಾವ ‘ಸುಮ್ನಿರೋ, ನಿಜಾನಾ?’

ಇಲ್ಲಿ ಒಂದು ಕಟ್ಟುಕಥೆಯನ್ನು ಬುಡಸಮೇತ ಕಿತ್ತುಹಾಕಬೇಕು, ಕಲಿಯುವವರೆಲ್ಲ ಅದಕ್ಕೆ ಬಲಿಯಾಗುತ್ತಾರೆ. ‘ಕರಾಹೊ’ ಎಂಬ ಇನ್ನೊಂದು ಬೈಗುಳವಿದೆ, ಅದೂ ಶಿಶ್ನವಾಚಿ. ಹಳೆಯ ಹಡಗಿನ ಕಂಬದ ತುದಿಯ ಕಾವಲುಬುಟ್ಟಿಗೆ ಕರಾಹೊ ಎಂದು ಹೆಸರಿತ್ತು, ತಪ್ಪು ಮಾಡಿದ ನಾವಿಕನನ್ನು ಅಲ್ಲಿಗೆ ಅಟ್ಟುತ್ತಿದ್ದರು, ಅದಕ್ಕೇ ‘ಕರಾಹೊಗೆ ಹೋಗು’ ಎಂಬ ಮಾತು ಬಂತು ಎಂದು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಆ ಅರ್ಥ ಹಳೆಯ ನೌಕಾ ನಿಘಂಟುಗಳಲ್ಲಿ ಇಲ್ಲ. ಈ ಪದದ ಸೋದರರೂಪ ‘ಕರಾಲ್ಯು’ ಅಂಗದ ಹೆಸರಾಗಿಯೇ ಮಧ್ಯಯುಗದ ಗಾಲಿಸಿಯಾ-ಪೋರ್ಚುಗೀಸ್ ವ್ಯಂಗ್ಯಗೀತೆಗಳಲ್ಲಿ ಸಿಗುತ್ತದೆ, ಕೊಲಂಬಸ್‌ನ ಹಡಗುಗಳು ಹೊರಡುವುದಕ್ಕೆ ಎರಡು ಶತಮಾನಕ್ಕೂ ಮೊದಲು. ‘ಮಾಂದಾ ವೆವೊಸ್’ (ಎಂಥಾ ಅನ್ಯಾಯ!) ಎಂಬ ಮಾತಿನ ಕಥೆಯೂ ಹೀಗೇ. ಅದು ಮೊಟ್ಟೆಯಲ್ಲ, ‘ಅಗತ್ಯ’ ಎಂಬ ಅರ್ಥದ ಹಳೆಯ ಪದ ‘ವೆಬೊಸ್’ ಎಂದು ಸಮರ್ಥಿಸುವವರಿದ್ದಾರೆ. ಅಂಥ ಹಳೆಯ ಪದ ಇದ್ದದ್ದು ನಿಜ, ಮಿಯೊ ಸಿದ್ ಎಂಬ ಮಧ್ಯಯುಗದ ಸ್ಪ್ಯಾನಿಷ್ ವೀರಕಾವ್ಯದಲ್ಲೂ ಬರುತ್ತದೆ. ಆದರೆ ಅದೇ ವಾಕ್ಯವನ್ನು ವೃಷಣದ ಇನ್ನೊಂದು ಹೆಸರಾದ ‘ಕೊಹೋನೆಸ್’ ಹಾಕಿಯೂ ಜನ ಹೇಳುತ್ತಾರಲ್ಲ, ಅದಕ್ಕೆ ಈ ಕಥೆಯಲ್ಲಿ ಜಾಗವೇ ಇಲ್ಲ. ಬೈಗುಳಕ್ಕೆ ಮಡಿ ಉಡಿಸುವ ಆಸೆಯಿಂದ ಹುಟ್ಟಿದ ವ್ಯುತ್ಪತ್ತಿಗಳಿವು.

ಮಡಿಯ ಆಸೆ ನಿಜವಾಗಿ ಕೆಲಸ ಮಾಡಿದ ಜಾಗ ಬೇರೆ: ಬದಲಿ ಪದಗಳು. ಮಲ ಎಂಬ ‘ಮ್ಯೆರ್ದಾ’ ಬಾಯಿಗೆ ಬಂದಾಗ ಅರ್ಧದಲ್ಲಿ ತಿರುಗಿಸಿ ‘ಮ್ಯೆರ್ಕೊಲೆಸ್’ (ಬುಧವಾರ) ಎನ್ನುತ್ತಾರೆ. ಚರ್ಚಿನ ಪವಿತ್ರ ರೊಟ್ಟಿ ‘ಓಸ್ತ್ಯಾ’ ಸ್ಪೇನಿನಲ್ಲಿ ಉದ್ಗಾರ, ಅದರ ಬದಲು ‘ಓಸ್ತ್ರಾಸ್’ (ಸಿಂಪಿ). ದೇವರ ಮೇಲೆ ಹೇಸಿಗೆ ಮಾಡುವ ಶಾಪದಲ್ಲಿ ‘ದ್ಯೋಸ್’ ತೆಗೆದು ‘ದ್ಯೇಸ್’ ಎಂಬ ಹತ್ತರ ಅಂಕಿ. ಕರಾಹೊ ಬದಲು ಕರಾಂಬಾ. ‘ನೊ ಮಾಮೆಸ್’ ಬದಲು ‘ನೊ ಮಾಂಚೆಸ್’, ಕಲೆ ಮಾಡಬೇಡ. ಮೆಕ್ಸಿಕೊದಲ್ಲಿ ‘ಇಹೊ ದೆ ಸು...’ ಎಂದು ಅಲ್ಲಿಗೇ ನಿಲ್ಲಿಸುವುದಂತೂ ನಮ್ಮ ‘ನಿನ್ನಮ್ಮನ್...’ ಎಂದು ಬಾಲ ನುಂಗುವುದಕ್ಕೆ ಪಡಿಯಚ್ಚು. ಅಕ್ಷರಗಳ ಕಿರುರೂಪವೂ ಈ ನಡುದಾರಿಯದೇ: ಹೇಳಿದ ಹಾಗೂ ಆಯಿತು, ಬಾಯಿ ಕೆಡಿಸಿಕೊಳ್ಳದ ಹಾಗೂ ಆಯಿತು.

ಒಂದು ಸಣ್ಣ ಪದ ಅರ್ಥವನ್ನೇ ತಲೆಕೆಳಗು ಮಾಡುವ ಜೋಡಿ ಇದೆ. ಪಿಟಿಎಂ, ಅಂದರೆ ‘ಪುತಾ ಮಾದ್ರೆ’, ಬೇಸರದ ಉದ್ಗಾರ. ಅದಕ್ಕೆ ಮುಂದೆ ‘ದೆ’ ಸೇರಿ ‘ದೆ ಪುತಾ ಮಾದ್ರೆ’ ಆದರೆ ಸ್ಪೇನಿನಲ್ಲಿ ‘ಸೂಪರ್, ಅದ್ಭುತ’. ಕಿರುರೂಪ ಡಿಪಿಎಂ. ನಿಮ್ಮ ಸೇವೆಗೆ ಸ್ಪೇನಿನ ಗ್ರಾಹಕ ಡಿಪಿಎಂ ಎಂದರೆ ಅದು ಐದಕ್ಕೆ ಐದು ನಕ್ಷತ್ರ. ಎನ್‌ಪಿಐ ಎಂದರೆ ‘ನಿ ಪುತಾ ಇದೆಯಾ’, ನನಗೇನೂ ಗೊತ್ತಿಲ್ಲ ಎಂದಷ್ಟೇ. ಎನ್‌ಟಿಪಿ, ಎನ್‌ಟಿಸಿ ಕಂಡರೆ ಗಾಬರಿ ಬೇಡ: ಒಂದು ‘ಚಿಂತಿಸಬೇಡ’, ಇನ್ನೊಂದು ಮೆಕ್ಸಿಕೊದ ‘ತಮಾಷೆಗೆ ಅಂದೆ’. ಕೆರಿಬಿಯನ್ ಕಡೆಯ ಎಂಎಂಜಿ ಮಾತ್ರ ಹಗುರವಲ್ಲ. ‘ಮಾಮಾಗ್ವೆವೊ’ ಎಂಬ ಮುಖಮೈಥುನದ ಬೈಗುಳ ಅದು, ಅಪರಿಚಿತರ ನಡುವೆ ಬಂದರೆ ನಿಂದನೆಯೇ.

ನೀವೇ ಮಾಡಬಹುದಾದ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ವರ್ಷ ಎಂಬ ‘ಆನ್ಯೊ’ ಪದದ ಎನ್ ಮೇಲಿನ ಅಲೆಗೆರೆ ಬಿಟ್ಟರೆ ಅದು ‘ಆನೊ’, ಗುದದ್ವಾರ. ‘ವಾರಂಟಿ ಎರಡು ಆನ್ಯೊ’ ಎಂದು ಬರೆಯಲು ಹೋಗಿ ಗೆರೆ ಮರೆತರೆ ಏನಾಗುತ್ತದೆ ನೋಡಿ. ಆ ಗೆರೆಯೂ ಮೂಲತಃ ಒಂದು ಕಿರುರೂಪವೇ, ಲಿಪಿಕಾರರು ಎರಡು ಎನ್ ಬರೆಯುವ ಬದಲು ಒಂದರ ಮೇಲೆ ಹಾಕಿದ ಗುರುತು. ನಮ್ಮ ಕೀಬೋರ್ಡಿನಲ್ಲಿ ಅದಿಲ್ಲ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿಹಿಡಿದು ಬಲಗಡೆಯ ಅಂಕಿಗುಂಪಿನಲ್ಲಿ 164 ಒತ್ತಿದರೆ ಸಣ್ಣಕ್ಷರ ಬರುತ್ತದೆ, 165ಕ್ಕೆ ದೊಡ್ಡಕ್ಷರ. ಫೋನಿನಲ್ಲಿ ಎನ್ ಮೇಲೆ ಬೆರಳು ಒತ್ತಿಹಿಡಿದರೆ ಸಾಕು.

ಇನ್ನು ನಿಮ್ಮ ಮೂರು ಸಾಲು. ಓದುವ ಮೊದಲು ದೇಶ ಗುರುತಿಸಿ. ಫೋನ್ ಸಂಖ್ಯೆ ಕಂಡರೆ ಸುಲಭ: 52 ಮೆಕ್ಸಿಕೊ, 56 ಚಿಲಿ, 54 ಅರ್ಜೆಂಟೀನಾ, 57 ಕೊಲಂಬಿಯಾ, 51 ಪೆರು, 58 ವೆನೆಸುವೆಲಾ, 34 ಸ್ಪೇನ್. ಸಂಖ್ಯೆ ಇಲ್ಲದಿದ್ದರೆ ಸುತ್ತಲಿನ ಮಾತು ಹೇಳುತ್ತದೆ. ವಾಕ್ಯದ ಕೊನೆಗೆ ‘ಪೊ’ ಬಂದರೆ ಚಿಲಿ, ‘ನೀನು’ ಎನ್ನಲು ‘ಬೊಸ್’ ಬಂದರೆ ಮೊದಲು ಅರ್ಜೆಂಟೀನಾ ಎಂದುಕೊಳ್ಳಿ, ‘ಪಾರ್ಸೆ’ ಕೊಲಂಬಿಯಾ, ‘ಚಾಮೊ’ ವೆನೆಸುವೆಲಾ, ‘ತೀಓ’ ಸ್ಪೇನ್. ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಾತು ಯಾರಿಗಾದರೂ ತಾಗುತ್ತಿದೆಯೇ, ಅಥವಾ ಪರಿಸ್ಥಿತಿಗೆ ಬಂದ ಉದ್ಗಾರವೇ? ಎದುರಿನವರ ಹೆಸರು, ‘ನೀನು’ ಎಂಬ ಪದ, ‘ಆಗಿದ್ದೀಯ’ ಎಂಬ ಅರ್ಥದ ‘ಎರೆಸ್’ ಪಕ್ಕದಲ್ಲಿದ್ದರೆ ತಾಗುತ್ತಿದೆ.

ಮೊದಲ ಸಾಲು ಚಿಲಿಯದು, ‘ಥ್ಯಾಂಕ್ಸ್ ಕಣೋ’ ಎಂದಷ್ಟೇ. ನಿಮ್ಮೊಂದಿಗೆ ಸಲುಗೆಯಿಂದ ಮಾತಾಡಿದ್ದಾರೆ, ಗುರುತು ಬೇಡ. ಎರಡನೆಯದು ಮೆಕ್ಸಿಕೊ, ಬೈದದ್ದು ಉಪಕರಣಕ್ಕೆ, ನಿಮಗಲ್ಲ. ಅದನ್ನು ಸಿಟ್ಟಿನ ಗ್ರಾಹಕ ಎಂದು ನಮೂದಿಸಿ, ನಿಂದನೆ ಎಂದಲ್ಲ. ಮೂರನೆಯದಕ್ಕೆ ದೇಶದ ಸುಳಿವಿಲ್ಲ, ಆದರೆ ‘ಮತ್ತೊಮ್ಮೆ’ ಎಂಬ ಪದವೇ ದಾರಿ ತೋರಿಸುತ್ತದೆ. ಮೆಕ್ಸಿಕೊದ ಸಿಟಿಎಂ ಆಜ್ಞೆ, ಅದಕ್ಕೆ ಕೇಳುವವನೊಬ್ಬ ಬೇಕು. ಇಲ್ಲಿ ಅದೇ ತೊಂದರೆ ಮತ್ತೆ ಬಂತೆಂದು ಒಬ್ಬರೇ ಕೂಗಿಕೊಂಡ ಧಾಟಿಯಿದೆ, ಅದು ಚಿಲಿಯ ‘ಕೊಂಚೆತುಮಾರೆ’ಗೆ ಸರಿಯಾಗಿ ಕೂರುತ್ತದೆ. ಆ ಗ್ರಾಹಕರ ಹಿಂದಿನ ಸಂದೇಶಗಳಲ್ಲಿ ‘ಪೊ’ ಅಥವಾ ಡಬ್ಲ್ಯುಎನ್ ಇದೆಯೇ ನೋಡಿ. ಇದ್ದರೆ ಅನುಮಾನ ಬೇಡ, ಅವರ ಹಳೆಯ ದೂರನ್ನು ಮತ್ತೆ ತೆರೆಯಿರಿ, ಕೂಗಿದ್ದು ಅದಕ್ಕೆ.